ಡಿಕ್ಕಿಯೊಳಗಿನ ಬ್ಯಾಟರಿ

ಇರಕಲ್ಲಗಡದಲ್ಲಿ ಬಾವಿಯ ನೀರಿಗೆ ಪಾಳಿ ಇತ್ತು, ರಾಶಿ ಮಾಡುವ ಕಣಕ್ಕೆ ಪಾಳಿ ಇತ್ತು. ಕಾರಿಗೆ ಪಾಳಿ ಹಚ್ಚಿದ್ದು ಮಾತ್ರ ಪಕೀರಪ್ಪನ ಮನೆಯಲ್ಲೇ ಮೊದಲು. ಅಪ್ಪ ತೀರಿಕೊಂಡ ಮೇಲೆ ಹೊಲ, ಮನೆ, ಎತ್ತು, ಕಡೆಗೆ ಬಚ್ಚಲದ ತಾಮ್ರದ ಹಂಡೆಯನ್ನೂ ಬಿಡದೆ ಪಾಲು ಮಾಡಿದ ಹಿರಿಯರು, ಅಪ್ಪ ಬಿಟ್ಟುಹೋದ ಹಳೆಯ ಬಿಳಿ ಕಾರಿನ ಮುಂದೆ ಬಂದು ತಲೆ ಕೆರೆದುಕೊಂಡರು. ಮಾರಿಬಿಡಿರೆಂದರೆ ಇಬ್ಬರೂ ಒಪ್ಪಲಿಲ್ಲ. ಮಾರಿದರೆ ಇನ್ನೊಬ್ಬನಿಗೂ ಲಾಭವಾಗುತ್ತದಲ್ಲ! ಕೊನೆಗೆ ಎಂಟು ದಿನ ಅಣ್ಣ ಪಕೀರಪ್ಪನಿಗೆ, ಎಂಟು ದಿನ ತಮ್ಮ ಕರಿಬಸಪ್ಪನಿಗೆ, ಸೋಮವಾರ ಬೆಳಿಗ್ಗೆ ಪಾಳಿ ತಿರುಗಬೇಕು ಎಂದು ಹೇಳಿ, ಚಹಾ ಕುಡಿದು, ಹಿರಿಯರು ಅಲ್ಲಿಂದ ಪಾರಾದರು.

ಪಾಪ, ಅವರಿಗೆ ಬ್ಯಾಟರಿಯ ನೆನಪಾಗಲಿಲ್ಲ. ಹಳೆಯದು ಕೆಟ್ಟಾಗ ಹೊಸ ಬ್ಯಾಟರಿ ತಂದು ಹಾಕಿದವನು ಪಕೀರಪ್ಪ. "ಕಾರು ಇಬ್ಬರದು, ಬ್ಯಾಟರಿ ನಂದು" ಎಂದು ತನ್ನ ಪಾಳಿ ಮುಗಿಯುವ ಭಾನುವಾರ ಸಂಜೆ ಬಾನೆಟ್ ಎತ್ತಿ ಅದನ್ನು ಬಿಚ್ಚುತ್ತಿದ್ದ. ಕೂಸಿನ ಹಾಗೆ ಎದೆಗವಚಿಕೊಂಡು ಒಳಗೆ ಒಯ್ದು, ಜೋಳದ ಚೀಲದ ಪಕ್ಕದಲ್ಲಿ ಇಡುತ್ತಿದ್ದ. ಇಂಥ ಸಣ್ಣ ಬುದ್ಧಿಯನ್ನು ಅವನು ಮನಸಾರೆ ನ್ಯಾಯವೆಂದೇ ನಂಬಿದ್ದ. ಕೆಟ್ಟವನಾಗಿದ್ದರೆ ತಿದ್ದಬಹುದಿತ್ತು, ನ್ಯಾಯವಂತನನ್ನು ತಿದ್ದುವವರು ಯಾರು?

ಕರಿಬಸಪ್ಪನೇನು ಕಡಿಮೆಯೇ? ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು. ತನ್ನದೇ ಬ್ಯಾಟರಿ ಕೊಂಡು, ಕಾರನ್ನು ಕನಕಗಿರಿಗೆ ಒಯ್ದು, ಗಾಡಿಗಳ ವೈರಿಂಗ್ ಮಾಡುವ ತಾಹೇರನಿಂದ ಅದನ್ನು ಹಿಂದೆ ಡಿಕ್ಕಿಯಲ್ಲಿ ಹಾಕಿಸಿದ. ಅಲ್ಲಿಂದ ಹೆಬ್ಬೆರಳು ಗಾತ್ರದ ಕೇಬಲ್ಲು, ಹಿಂದಿನ ಸೀಟಿನ ಮುಂದಿನ ಮ್ಯಾಟಿನ ಕೆಳಗೆ ಹಾದು, ಮುಂದೆ ಇಂಜಿನ್ನಿಗೆ ಹೋಯಿತು. ತನ್ನ ಪಾಳಿ ಬಂದಾಗ ಬ್ಯಾಟರಿಗೆ ವೈರು ಸಿಕ್ಕಿಸುವುದು, ಮುಗಿದಾಗ ಬಿಡಿಸುವುದು, ಡಿಕ್ಕಿಗೆ ಹೊಸ ಕೀಲಿ ಜಡಿಯುವುದು. ಮುಂದಿನ ಜಾಗ ಅಣ್ಣನಿಗೆ, ಹಿಂದಿನದು ತಮ್ಮನಿಗೆ. ಒಂದು ಕಾರಿಗೆ ಎರಡು ಬ್ಯಾಟರಿ!

ಇದರಿಂದ ಪಕೀರಪ್ಪನ ಪಾಳಿಯಲ್ಲೂ ಡಿಕ್ಕಿ ತೆರೆಯದಂತಾಯಿತು. ಗಂಗಾವತಿಯಿಂದ ಗೊಬ್ಬರದ ಚೀಲ ತಂದರೆ ಹಿಂದಿನ ಸೀಟಿನ ಮೇಲೆ ಹೇರಬೇಕು, ವಾರಗಟ್ಟಲೆ ಆ ನಾತ ಹೋಗುತ್ತಿರಲಿಲ್ಲ.

"ಡಿಕ್ಕಿ ಇಬ್ಬರದಲ್ಲೇನಲೇ?" ಎಂದು ಪಕೀರಪ್ಪ ನಡುಗೋಡೆಯ ಮೇಲಿಂದ ಕೂಗಿದ.

"ಡಿಕ್ಕಿ ಇಬ್ಬರದು, ಒಳಗಿನ ಬ್ಯಾಟರಿ ನಂದು. ನೀನ ಕಲಿಸಿದ್ದಲ್ಲ, ಅಣ್ಣಾ?"

ಗೋಡೆಯ ಆಚೆ ಕರಿಬಸಪ್ಪನ ಹೆಂಡತಿ ಕಿಸಕ್ಕನೆ ನಕ್ಕಳು. ಆ ನಗುವಿನಿಂದ ಪಕೀರಪ್ಪನ ಮೈಯೆಲ್ಲ ಉರಿಯಿತು.

ಇದೇ ಹೊತ್ತಿನಲ್ಲಿ ಅವನ ಮಗಳು ಅಂಜಲಿಗೆ ಕುಷ್ಟಗಿ ಕಡೆಯ ಹಳ್ಳಿಯೊಂದರ ಸರಕಾರಿ ಶಾಲೆಯಲ್ಲಿ ಟೀಚರ್ ನೌಕರಿ ಆಯಿತು. ಅವಳು ಹಾಜರಾಗಬೇಕಾದದ್ದು ಸೋಮವಾರ, ತಮ್ಮನ ಪಾಳಿಯ ಮೊದಲ ದಿನ. ಮಗಳನ್ನು ಕಾರಿನಲ್ಲಿ ಕೂಡಿಸಿಕೊಂಡು ಹೋಗಿ ಶಾಲೆಯ ಗೇಟಿನಲ್ಲಿ ಇಳಿಸಬೇಕೆಂದು ಪಕೀರಪ್ಪನಿಗೆ ಬಹಳ ಆಸೆ. "ಈ ಸಲ ಪಾಳಿ ಅದಲ್‌ಬದಲ್ ಮಾಡಪ್ಪಾ" ಎಂದು ತಮ್ಮನಿಗೆ ಒಂದು ಮಾತು ಅಂದಿದ್ದರೆ ಆಗುತ್ತಿತ್ತು. ಅದರ ಬದಲು ಅವನು ಮಗಳ ಕಡೆ ತಿರುಗಿದ.

"ಬಸ್ಸಿಗೆ ಹೋಗೂಣು ಬಿಡವಾ" ಎಂದ.

ಭಾನುವಾರ ಸಂಜೆ ಬ್ಯಾಟರಿ ಬಿಚ್ಚಿಕೊಳ್ಳುವಾಗ ಅವನ ಹೊಟ್ಟೆಕಿಚ್ಚಿಗೆ ದಾರಿ ಕಂಡಿತು. ಮ್ಯಾಟು ಎತ್ತಿ, ಕುಡುಗೋಲಿನ ಮೊನೆಯಿಂದ ತಮ್ಮನ ಕೇಬಲ್ಲಿನ ರಬ್ಬರನ್ನು ಗೇಣುದ್ದ ಸುಲಿದ. ಡಿಕ್ಕಿಯಲ್ಲಿ ವೈರು ಬಿಡಿಸಿದ್ದರಿಂದ ಆಗ ಕರೆಂಟ್ ಇರಲಿಲ್ಲ. ಅವನಿಗೆ ಗೊತ್ತಿದ್ದದ್ದು ಬೋರ್‌ವೆಲ್ಲಿನ ಮೋಟಾರು. ಅಲ್ಲಿ ವೈರಿಗೆ ವೈರು ತಾಗಿದರೆ ಪೆಟ್ಟಿಗೆಯಲ್ಲಿ ಫ್ಯೂಜ್ ಹೋಗುತ್ತದೆ, ಮೋಟಾರು ನಿಲ್ಲುತ್ತದೆ, ಅಷ್ಟೆ. ಕಾರಿನಲ್ಲೂ ಹಾಗೇ, ಓಡುವಾಗ ಕುಲುಕಿ ತಾಮ್ರ ತಳದ ತಗಡಿಗೆ ತಾಗಿ ಫ್ಯೂಜ್ ಹೋಗುತ್ತದೆ, ತಮ್ಮ ಗಂಗಾವತಿಯ ಸರ್ಕಲ್ಲಿನಲ್ಲಿ ಹತ್ತು ಜನರ ಎದುರಿಗೆ ಕಾರು ನೂಕುತ್ತಾನೆ, ನಾನು ಕೇಳಿ ನಗುತ್ತೇನೆ ಎಂದು ಅವನ ಲೆಕ್ಕ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮ್ಯಾಟು ಮುಚ್ಚಿ ಹೋಗಿ ಹೊಟ್ಟೆ ತುಂಬ ಉಂಡ.

ಬೆಳಿಗ್ಗೆ ಬಾಗಿಲಲ್ಲಿ ಹಾರ್ನ್ ಕೇಳಿತು. ಸ್ಟೇರಿಂಗ್ ಹಿಡಿದವನು ಕರಿಬಸಪ್ಪ, ಹಿಂದೆ ಅವನ ಹೆಂಡತಿ. ಒಳಗಿಂದ ಹೊಸ ಸೀರೆ ಉಟ್ಟ ಅಂಜಲಿ ಬಂದವಳೇ ಅಪ್ಪನನ್ನು ದಾಟಿ ಹೋಗಿ ಚಿಗವ್ವನ ಪಕ್ಕದಲ್ಲಿ ಕೂತಳು.

"ಎಲ್ಲಿಗೆ?" ಎಂದ ಪಕೀರಪ್ಪ.

"ಸಾಲಿಗೆ. ನಿನಗ ಕೇಳಾಕ ಬಾಯಿ ಬರಲಿಲ್ಲ. ಕಾಕಾಗ ನಾನ ಕೇಳಿದೆ."

ಪಕೀರಪ್ಪನ ಕಣ್ಣು ಅವಳ ಕಾಲಿಗೆ ಹೋಯಿತು. ಅವಳ ಹಿಮ್ಮಡ ಮ್ಯಾಟಿನ ಮೇಲೆ, ಸರಿಯಾಗಿ ಅದೇ ಜಾಗದಲ್ಲಿ. ಇರಲಿ, ಫ್ಯೂಜ್ ಹೋಗಿ ಕಾರು ನಿಲ್ಲುತ್ತದೆ, ಹೆಚ್ಚೆಂದರೆ ಮಗಳಿಗೆ ತಡವಾಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೂ ನಾಲಿಗೆ ಸುಮ್ಮನಿರಲಿಲ್ಲ.

"ಹಿಂದಿನ ಬ್ಯಾಟರಿಗೆ ಫ್ಯೂಜ್ ಎಲ್ಲಿ ಹಾಕ್ಯಾನ ಆ ತಾಹೇರ?"

ಕರಿಬಸಪ್ಪ ಹಲ್ಲು ಕಿರಿದ. "ಯಾಕ, ಕಿತಗೊಂಡು ಹೋಗಾಕೇನು? ಫ್ಯೂಜ್ ಬೇಕ ಬೇಕ್ರಿ, ಇಲ್ಲಂದ್ರ ಗಾಡಿ ಸುಟ್ಟು ಹೋಗ್ತೈತ್ರಿ ಅಂತ ಅವ ಭಾಳ ಹೇಳಿದ. ನಾನ ಬ್ಯಾಡಂದೆ. ಅದನ್ನ ನೀ ತಗದು ಕಿಸೇದಾಗ ಇಟಗೊಂಡ್ರ ನಾ ನಡುದಾರ್ಯಾಗ ನಿಂದರಬೇಕೇನು? ಸೀದಾ ಹಾಕಿಸೀನಿ."

ಪಕೀರಪ್ಪ ಹಿಂದಿನ ಬಾಗಿಲಿನ ಹಿಡಿಕೆಗೆ ಕೈ ಹಾಕಿದ. ಮಗಳು ಕೂತ ಸೀಟಿನ ಕೆಳಗೇ ಪೆಟ್ರೋಲ್ ಟ್ಯಾಂಕು.

"ಅಂಜಲಿ, ಇಳಿ."

"ಇಳಿಯೂದಿಲ್ಲ."

"ಇಳಿ ಅಂದೆ!"

"ಮಗಳ ಛಲೋ ದಿನಾನೂ ಕೆಡಸ್ತಾನ ನೋಡ, ಹೊಟ್ಟಿಕಿಚ್ಚಿನ ಮನಶ್ಯಾ" ಎಂದಳು ತಮ್ಮನ ಹೆಂಡತಿ, ಅವನಿಗೆ ಕೇಳುವ ಹಾಗೆಯೇ. ಕರಿಬಸಪ್ಪ ಚಾವಿ ತಿರುವಿದ. ಇಂಜಿನ್ ಒಂದೇ ಹೊಡೆತಕ್ಕೆ ಶುರುವಾಗಿ ಗುರುಗುಟ್ಟಿತು. ಪಕೀರಪ್ಪ ಓಡಿ ಬಂದು ಕಾರಿನ ಮುಂದೆ ನಿಂತ. ತಮ್ಮ ಹಾರ್ನ್ ಒತ್ತಿ ಹಿಡಿದ. ಓಣಿಯ ಜನ ಕಟ್ಟೆಗೆ ಬಂದರು.

"ಇದು ನನ್ನ ಪಾಳಿ! ದಾರಿ ಬಿಡ್ತೀಯೊ, ಮೈಮ್ಯಾಲೆ ಹಾಯಿಸಲೊ?"

"ಅಪ್ಪಾ, ಇವತ್ತರೆ ಸರಿಯೋ" ಎಂದು ಅಂಜಲಿ ಕಿಟಕಿಯಿಂದ ಕೈಮುಗಿದಳು.

ಕಟ್ಟೆಯ ತುಂಬ ಜನ, ಎದುರಿಗೆ ತಮ್ಮ, ಅವನ ಹೆಂಡತಿ. ಇವರೆಲ್ಲರ ಮುಂದೆ ತಾನು ಮಾಡಿದ್ದನ್ನು ಹೇಳುವುದಕ್ಕಿಂತ ಸಾಯುವುದು ಮೇಲು ಎಂದು ಪಕೀರಪ್ಪನಿಗೆ ನಿಜವಾಗಿ ಅನ್ನಿಸಿತು. ಆದರೆ ಸಾಯುವವನು ತಾನಲ್ಲ.

"ಬಂದ್ ಮಾಡಲೇ! ಅಂಜಲಿ, ಕಾಲ ಎತ್ತು! ಮ್ಯಾಟಿನ ಕೆಳಗ ವೈರ್ ಸುಲದೈತಿ. ನಾನ ಸುಲದೀನಿ, ನಿನ್ನಿ ಸಂಜೀಕ!"

ಹಾರ್ನ್ ನಿಂತಿತು, ಇಂಜಿನ್ನೂ ನಿಂತಿತು. ಕರಿಬಸಪ್ಪ ಇಳಿದು ಡಿಕ್ಕಿಯ ಕೀಲಿ ತೆಗೆದು ಬ್ಯಾಟರಿಯ ವೈರು ಬಿಡಿಸಿದ. ಹೆಂಗಸರನ್ನು ಇಳಿಸಿ ಮ್ಯಾಟು ಎತ್ತಿದ. ಬಿಸಿಲಿಗೆ ತಾಮ್ರ ಹೊಳೆಯಿತು, ಸುತ್ತಲೂ ಕುಡುಗೋಲಿನ ಗೀರು. ಅವನು ಅಣ್ಣನ ಮೇಲೆ ಕೈಮಾಡುತ್ತಾನೆಂದು ಓಣಿಯವರೆಲ್ಲ ಕಾದರು. ಅವನು ಮಾಡಲಿಲ್ಲ. ತಾನೇ ಬೇಡವೆಂದ ಫ್ಯೂಜ್ ನೆನಪಾಗಿಯೋ ಏನೋ, ಮ್ಯಾಟನ್ನು ಕೈಯಲ್ಲಿ ಹಿಡಿದೇ ಕೂತುಬಿಟ್ಟ.

ಅಂಜಲಿ ಚಿಗವ್ವನ ಕೈ ಹಿಡಿದುಕೊಂಡು ಅಪ್ಪನ ಹತ್ತಿರ ಬಂದಳು.

"ನಾ ಕುಂತಿರಲಿಲ್ಲಂದ್ರ, ಅಪ್ಪಾ, ಬರೇ ಇಕಿ ಕುಂತಿದ್ರ, ಹೇಳತಿದ್ದೇನು?"

ಪಕೀರಪ್ಪ ತಮ್ಮನ ಹೆಂಡತಿಯ ಕಡೆ ನೋಡಿದ, ಆಮೇಲೆ ಕಣ್ಣು ತಿರುಗಿಸಿದ.

"ಬಾ ಚಿಗವ್ವಾ. ಕಾಕಾ, ನೀನೂ ಏಳು, ಬಸ್ಸು ಬರೂ ಹೊತ್ತಾತು" ಎಂದಳು. ಪಕೀರಪ್ಪ ಚಪ್ಪಲಿ ಹುಡುಕುತ್ತ ಹಿಂದೆ ಹೊರಟ. ಅವಳು ತಿರುಗಿ ನಿಂತು, ಗುರುತಿಲ್ಲದವರಿಗೆ ಹೇಳುವ ಹಾಗೆ, "ನೀವು ಬರಬ್ಯಾಡ್ರಿ" ಎಂದಳು.