ಬುರುಲ್ ಪಶುವೈದ್ಯೆಯಾದಳು

ನರೀನ್ ಪಟ್ಟಣದಲ್ಲಿ ಕುದುರೆಗೆ ಹೊಟ್ಟೆನೋವು ಬಂದರೆ ಜನ ಮೊದಲು ಓಡುತ್ತಿದ್ದದ್ದು ಬುರುಲ್ ಮನೆಗೆ. ಪಶು ಆಸ್ಪತ್ರೆಯಲ್ಲಿ ಹದಿನೆಂಟು ವರ್ಷದಿಂದ ಸಹಾಯಕಿ ಅವಳು. ಕುದುರೆಯ ಹೊಟ್ಟೆಗೆ ಕಿವಿಯಿಟ್ಟು ಕೇಳಿ ಏನಾಗಿದೆ ಎಂದು ಹೇಳಿಬಿಡುತ್ತಿದ್ದಳು. ಆದರೆ ಔಷಧದ ಚೀಟಿ ಕೊಟ್ಟರೆ ಬೆವರುತ್ತಿದ್ದಳು. ಅಕ್ಷರಗಳು ಅದಲುಬದಲಾಗುತ್ತಿದ್ದವು. ಸಾಲು ಮುಗಿಯುವಷ್ಟರಲ್ಲಿ ಅದರ ಮೊದಲಲ್ಲಿ ಏನಿತ್ತೆಂಬುದೇ ಮರೆತುಹೋಗುತ್ತಿತ್ತು. ಶಾಲೆಯಲ್ಲಿ ಎಲ್ಲರೂ ದಡ್ಡಿ ಎಂದಿದ್ದರು. ಅವಳೂ ಅದನ್ನು ನಂಬಿದ್ದಳು.

ನಲವತ್ತನೆಯ ವಯಸ್ಸಿನಲ್ಲಿ ಧೈರ್ಯ ಮಾಡಿ ಪಶುವೈದ್ಯ ಕಾಲೇಜು ಸೇರಿದಳು. ಮೊದಲ ತಿಂಗಳಲ್ಲೇ ಎದ್ದು ನಿಂತು ಪಾಠ ಓದಬೇಕಾಯಿತು. ಬುರುಲ್ ತಡವರಿಸಿದಳು. ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ಚೀಲ ಎತ್ತಿಕೊಂಡು ಮನೆಗೆ ಬಂದುಬಿಟ್ಟಳು.

ಗಂಡ ಕಡಿರ್ ವ್ಯಾನ್ ಓಡಿಸುವವನು. “ನಾನು ಅವತ್ತೇ ಹೇಳ್ಲಿಲ್ವಾ? ಕಾಲೇಜು ನಮ್ಮಂಥೋರಿಗಲ್ಲ. ಇರೋ ಕೆಲಸ ಮಾಡ್ಕೊಂಡು ಹಾಯಾಗಿರು” ಎಂದ.

ಸುದ್ದಿ ತಿಳಿದು ಪಕ್ಕದ ಮನೆಯ ಶಿಕ್ಷಕಿ ಬಂದಳು. ಓದಲು ಕಷ್ಟಪಡುವ ಮಕ್ಕಳಿಗೆ ಕಲಿಸುವುದೇ ಅವಳ ಕೆಲಸ.

“ಭಾವ, ನಿಮ್ಮ ವ್ಯಾನು ಡೊಲೊನ್ ಘಾಟಿ ಹತ್ತುವಾಗ ನಿಧಾನ ಆಗುತ್ತೆ. ಕೆಟ್ಟೋಗಿದೆ ಅಂತೀರಾ?”

“ಅದಕ್ಕೂ ಇದಕ್ಕೂ ಏನಮ್ಮಾ ಸಂಬಂಧ?”

“ಅಕ್ಕನಿಗೆ ಓದೋದು ಆ ಘಾಟಿ ಇದ್ದ ಹಾಗೆ. ಡಿಸ್ಲೆಕ್ಸಿಯಾ ಇರ್ಬೇಕು. ಹುಟ್ಟಿನಿಂದಲೇ ಬರೋ ಓದಿನ ತೊಡಕು. ಬುದ್ಧಿಗೇನೂ ಕಮ್ಮಿ ಇಲ್ಲ. ಓದೋಕೆ ಹೊತ್ತು ಬೇಕು, ಕಿವೀಲಿ ಕೇಳಿದ್ರೆ ಬೇಗ ಹತ್ತುತ್ತೆ. ತಿಳಿದೋರ ಹತ್ರ ತೋರಿಸೋಣ. ಕಾಲೇಜಿನೋರಿಗೆ ಹೇಳಿದ್ಯಾ ಅಕ್ಕ?”

“ನಾಚಿಕೆ ಆಗಲ್ವೇನೇ?”

“ಹೇಳ್ದೇ ಇದ್ರೆ ಅವರಿಗೆ ಹೇಗೆ ಗೊತ್ತಾಗ್ಬೇಕು?”

ತಜ್ಞರು ಪರೀಕ್ಷಿಸಿ ಬರೆದುಕೊಟ್ಟ ಪತ್ರ ಹಿಡಿದು, ಕಡಿರನ ವ್ಯಾನಿನಲ್ಲೇ ಮೂವರೂ ಪ್ರಿನ್ಸಿಪಾಲರ ಬಳಿ ಹೋದರು. “ಸಾರ್, ನಂಗೆ ವಿಷಯ ಗೊತ್ತು. ಓದೋಕೆ ಮಾತ್ರ ಹೊತ್ತು ಬೇಕು” ಎಂದಳು ಬುರುಲ್. ಅವರು ಕುದುರೆಯ ಹೊಟ್ಟೆನೋವಿನ ಬಗ್ಗೆ ಒಂದು ಪ್ರಶ್ನೆ ಕೇಳಿದರು. ಬುರುಲ್ ಅರ್ಧ ಗಂಟೆ ಮಾತಾಡಿದಳು. ಪ್ರಿನ್ಸಿಪಾಲರು ಪೆನ್ನು ಕೆಳಗಿಟ್ಟು ಕೇಳುತ್ತ ಕುಳಿತರು. ಪರೀಕ್ಷೆಗೆ ಒಂದು ಗಂಟೆ ಹೆಚ್ಚು ಕೊಟ್ಟರು. ಕೆಲವು ವಿಷಯಗಳಿಗೆ ಬಾಯಲ್ಲೇ ಉತ್ತರ ಹೇಳಲು ಒಪ್ಪಿದರು.

ದಾರಿಯಲ್ಲಿ ಕಡಿರ್, “ಪಾಠ ನಾನೇ ಓದಿ ಕೊಡ್ತೀನಿ, ನೀನು ಕೇಳು” ಎಂದ. ಮರುದಿನ ವ್ಯಾನ್ ನಿಲ್ದಾಣದಲ್ಲಿ ಹೆಂಡತಿಯ ಪುಸ್ತಕ ತೆರೆದು ಫೋನಿನಲ್ಲಿ ಪಾಠ ಓದಿ ರೆಕಾರ್ಡ್ ಮಾಡತೊಡಗಿದ.

“ಏನ್ ಕಡಿರ್, ಡಾಕ್ಟ್ರಾಗ್ತೀಯಾ?” ಪ್ರಯಾಣಿಕರು ಛೇಡಿಸಿದರು.

“ನಾನಲ್ಲ, ನನ್ ಹೆಂಡ್ತಿ. ಬಾಗಿಲು ಹಾಕ್ರಪ್ಪ, ಗಲಾಟೆ ಸೇರ್ಕೊಳ್ಳುತ್ತೆ!”

ಬುರುಲ್ ಹಾಲು ಕರೆಯುತ್ತ, ರೊಟ್ಟಿ ಸುಡುತ್ತ ಅದನ್ನೇ ಕೇಳಿದಳು. ಒಮ್ಮೆ ಒಂದು ವಿಷಯದಲ್ಲಿ ಫೇಲಾದಳು. ಮತ್ತೆ ಬರೆದಳು. ಐದನೆಯ ವರ್ಷ ಪದವಿ ಕೊಡುವ ದಿನ ಅವಳ ಹೆಸರು ಕರೆದಾಗ ಕಡಿರ್ ಕುರ್ಚಿ ಮೇಲೆ ಹತ್ತಿ, “ನಮ್ಮ ಡಾಕ್ಟ್ರಮ್ಮ!” ಎಂದು ಕೂಗಿದ. ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಅಂದು ಚಹಾಕ್ಕೆ ಬಂದ ಗೆಳೆಯನೊಬ್ಬ, “ನಮ್ ತಮ್ಮನಿಗೂ ಹಿಂಗೇ ಕಣೋ, ಓದೋಕೇ ಬರಲ್ಲ” ಎಂದ.

“ನಾಳೇನೇ ಕರ್ಕೊಂಡು ಬಾ. ಕಾಲೇಜಿಗೆ ನಾನೇ ಜೊತೇಲಿ ಬರ್ತೀನಿ” ಎಂದ ಕಡಿರ್.

ನಿಮ್ಮ ಮನೆಯಲ್ಲೂ ಇಂಥವರಿರಬಹುದು. ದಡ್ಡರೆಂದು ಹಳಿಯಬೇಡಿ, ವಯಸ್ಸಾಯಿತೆಂದು ತಡೆಯಬೇಡಿ. ಅವರ ಜೊತೆ ಕಾಲೇಜಿಗೆ ಹೋಗಿ, ಕಷ್ಟ ಹೇಳಿ, ಬೇಕಾದ ನೆರವು ಕೇಳಿ. ದಿನಕ್ಕೊಂದು ಪುಟ ಅವರಿಗೆ ಓದಿ ಹೇಳಿ. ಇವತ್ತೇ ಶುರುಮಾಡಿ.