ಇಲಿ ಹರಿದ ಎಳೆ

ಬನಹಟ್ಟಿಯ ಗುರುಸಿದ್ದನ ಮಗ್ಗದ ಮನೆಗೆ ಇಲಿ ಸೇರಿಕೊಂಡು ಮೂರು ತಿಂಗಳಾಗಿತ್ತು. ಆ ಇಲಿಗೆ ಎಂಟು ವರ್ಷ ವಯಸ್ಸು, ಎರಡು ಜಡೆ, ಹೆಸರು ಕಾವ್ಯ.

ಅಪ್ಪ ಚಹಾ ಕುಡಿಯಲು ಎದ್ದರೆ ಸಾಕು, ಪಾವರ್‌ಲೂಮಿನ ಮೇಲೆ ಬಿಗಿದ ಸೀರೆಯ ಎಳೆಗಳಲ್ಲಿ ನಾಲ್ಕನ್ನು ಕತ್ತರಿಸಿ ಓಡುತ್ತಿದ್ದಳು. ಹಿಡಿದು ಕೇಳಿದರೆ, "ಇಲಿ ಇರಬೇಕಪಾ" ಎಂದು ಮುಖ ಗಂಭೀರ ಮಾಡುತ್ತಿದ್ದಳು. ಆ ವಯಸ್ಸಿಗೆ ಅಷ್ಟು ಭಂಡತನ ಮೆಚ್ಚಬೇಕಾದದ್ದೇ.

ಆದರೆ ಅವಳ ಲೆಕ್ಕಾಚಾರವೇ ಬೇರೆ ಇತ್ತು. ಹೊಟ್ಟೆಯಲ್ಲಿದ್ದ ಕೂಸು ಏಳನೆಯ ತಿಂಗಳಲ್ಲೇ ಹೋದಂದಿನಿಂದ ಅವ್ವ ರಾಧಿಕಾ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಉಣ್ಣಲು ಕರೆದರೂ ಏಳುತ್ತಿರಲಿಲ್ಲ. ಎಳೆ ಹರಿದರೆ ಮಾತ್ರ ಏಳುತ್ತಿದ್ದಳು, ಏಕೆಂದರೆ ಅವಳಷ್ಟು ಸಣ್ಣ ಗಂಟು ಹಾಕಿ ಎಳೆ ಕೂಡಿಸುವವರು ಆ ಓಣಿಯಲ್ಲೇ ಇರಲಿಲ್ಲ. ಕೂಡಿಸುವಷ್ಟು ಹೊತ್ತು ಬೈಯುತ್ತಿದ್ದಳು, ಮಗಳ ಜಡೆ ಜಗ್ಗುತ್ತಿದ್ದಳು, ಮೊದಲಿನ ಅವ್ವನೇ ಆಗಿರುತ್ತಿದ್ದಳು. ಕೆಲಸ ಮುಗಿದೊಡನೆ ಮತ್ತೆ ಗೋಡೆ. ಹಾಗಾಗಿ ನಾಲ್ಕು ಎಳೆ ಹತ್ತಾದವು, ಹತ್ತು ನಲವತ್ತಾದವು.

ಶಾಲೆಯಿಂದಲೂ ದೂರು ಬಂತು: ಕೂತಲ್ಲಿ ಕೂರುವುದಿಲ್ಲ, ಮಕ್ಕಳನ್ನು ಕಚ್ಚುತ್ತಾಳೆ, ಡಾಕ್ಟರಿಗೆ ತೋರಿಸಿ. ಅಜ್ಜಿ ಶಿವವ್ವ ಮೊದಲು ಕೊರಳಿಗೊಂದು ತಾಯಿತ ಕಟ್ಟಿಸಿದಳು. ಕಾವ್ಯ ಅದರ ದಾರವನ್ನೂ ಕತ್ತರಿಸಿದಳು.

"ಇಕಿನ್ನ ಬೀಳಗಿಗಿ, ಅತ್ತಿ ಮನಿಗಿ ಕಳಸ್ತೇನಿ," ಎಂದ ಗುರುಸಿದ್ದ. "ಅಲ್ಲಿ ಮಗ್ಗ ಇಲ್ಲ."

ಕಾವ್ಯಳಿಗೆ ಒಂದೇ ಚಿಂತೆ. ತಾನು ಬೀಳಗಿಯಲ್ಲಿ ಕೂತರೆ ಅವ್ವನನ್ನು ಎಬ್ಬಿಸುವವರು ಯಾರು?

ಕಳಿಸುವ ಮೊದಲು ಒಮ್ಮೆ ತೋರಿಸೋಣವೆಂದು ಹೇಗೋ ರಾಧಿಕಾಳನ್ನೂ ಎಬ್ಬಿಸಿ ನಾಲ್ವರೂ ಜಮಖಂಡಿಯ ಮನೋವೈದ್ಯರ ಬಳಿ ಹೋದರು. ದೂರುಗಳನ್ನೆಲ್ಲ ಆಲಿಸಿ ಡಾಕ್ಟರಮ್ಮ ಹುಡುಗಿಯನ್ನೇ ಕೇಳಿದರು: "ನೀ ಎಳಿ ಹರದ ಮ್ಯಾಲ ಏನಾಗತೈತಿ?"

ಇಲಿಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬೀಳಗಿ ನೆನಪಾಯಿತು.

"ಅವ್ವ ಏಳ್ತಾಳ್ರಿ," ಎಂದುಬಿಟ್ಟಳು.

ಡಾಕ್ಟರ್ ಗುಳಿಗೆ ಬರೆದು ಚೀಟಿಯನ್ನು ರಾಧಿಕಾಳ ಕೈಗೆ ಕೊಟ್ಟರು.

"ಹುಡುಗಿನ್ನ ತೋರ್ಸಾಕ ಬಂದೀವ್ರಿ," ಎಂದಳು ಶಿವವ್ವ.

"ಹುಡುಗಿನ್ನ ನೋಡೇ ಬರದೇನಿ, ಅಜ್ಜಿ."

ರಾಧಿಕಾಳ ಕಣ್ಣು ತುಂಬಿತು. "ಇಕಿ ನನ್ನಿಂದನ ಹಿಂಗಾದಳೇನ್ರಿ?"

"ಜ್ವರ ಬಂದ್ರ ನಿಮ್ಮ ತಪ್ಪೇನು? ಇದೂ ಹಂಗ. ನೀವು ಆರಾಮ ಆಗ್ರಿ, ಇಕೀನೂ ಆಗ್ತಾಳ. ಇಬ್ರೂ ತಿಂಗಳಿಗೊಮ್ಮಿ ಬರ್ರಿ. ಇಕಿನ್ನ ಎಲ್ಲಿಗೂ ಕಳಸಬ್ಯಾಡ್ರಿ."

ಮೊದಲ ಎರಡು ವಾರ ಏನೂ ಆಗಲಿಲ್ಲ. ಕಾವ್ಯ ಡಾಕ್ಟರ್ ಮೇಲೆ ನಂಬಿಕೆ ಕಳೆದುಕೊಂಡು ಮತ್ತೆ ಇಪ್ಪತ್ತು ಎಳೆ ಕತ್ತರಿಸಿದಳು. ಎರಡನೆಯ ತಿಂಗಳ ಒಂದು ಮುಂಜಾನೆ ಕತ್ತರಿ ಹಿಡಿದು ಬಂದರೆ, ಅವ್ವ ಆಗಲೇ ತಲೆ ಬಾಚಿಕೊಂಡು ಮಗ್ಗದ ಮುಂದೆ ಕೂತಿದ್ದಳು. ಅವಳ ಬೆರಳಲ್ಲಿ ಹರಿದ ಎಳೆಯೊಂದಿತ್ತು.

"ನಾ ಹರದಿಲ್ಲ ಬೇ," ಎಂದಳು ಕಾವ್ಯ. ಈ ಸಲ ಅದು ನಿಜವೇ ಆಗಿತ್ತು.

"ಗೊತ್ತೈತಿ. ಕುಂದರ ಬಾ, ಗಂಟ ಹಾಕೋದು ಕಲಸ್ತೇನಿ."

ಮಗ್ಗದ ಸದ್ದು ಕೇಳದೆ ಗುರುಸಿದ್ದ ಹೊರಗಿನಿಂದಲೇ ಕೂಗಿದ: "ಮತ್ತ ಯಾರು ಹರದ್ರು?"

ರಾಧಿಕಾ ಮಗಳ ಮುಖ ನೋಡಿದಳು. ಉಕ್ಕಿ ಬಂದ ನಗುವನ್ನು ತಡೆದುಕೊಂಡು ಹೇಳಿದಳು:

"ಇಲಿ ಇರಬೇಕ್ರಿ."