ಪೆಪ್ಪರ್‌ಮಿಂಟ್ ಡಬ್ಬಿ

ಪೆಪ್ಪರ್‌ಮಿಂಟ್ ಡಬ್ಬಿಯೊಳಗೆ ಒಂದು ರೆಸಿಸ್ಟರ್, ಒಂದು ಸ್ವಿಚ್ಚು, ಎರಡು ತುಂಡು ತಂತಿ. ಅಷ್ಟೇ. ನಮ್ಮೂರು ಯಂಗ್ಸ್‌ಟೌನ್‌ನಲ್ಲಿ ನಾನು ಕೆಲಸಕ್ಕಿದ್ದ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೂತು ಊಟದ ಬಿಡುವಿನಲ್ಲೇ ಬೆಸುಗೆ ಹಾಕಿ ಮುಗಿಸಿದ್ದೆ. ಅದನ್ನು ನನ್ನ ಮನೆಯ ಫೋನಿಗೆ ಜೋಡಿಸಿ ರಿಸೀವರ್ ಎತ್ತಿದರೆ, ಎಕ್ಸ್‌ಚೇಂಜಿನ ಪಾಲಿಗೆ ಗಂಟೆ ಇನ್ನೂ ಬಡಿಯುತ್ತಲೇ ಇರುತ್ತದೆ, ಯಾರೂ ಎತ್ತಿಲ್ಲ. ಎತ್ತದ ಕರೆಗೆ, ಮಾಡಿದವನಿಗೆ ಬಿಲ್ಲಿಲ್ಲ. ಬಫಲೋದ ಹಿಟ್ಟಿನ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ ನನ್ನ ತಮ್ಮ ರೂಡಿ ಭಾನುವಾರ ಸಂಜೆ ಮನಸಾರೆ ಮಾತಾಡಲಿ ಎಂದು ಮಾಡಿದ್ದು. ಊರನ್ನೆಲ್ಲ ಸುಲಿಯುತ್ತಿದ್ದ ಫೋನ್ ಕಂಪನಿಯ ಮೇಲೆ ನನಗೆ ಆಗಲೂ ಕನಿಕರವಿರಲಿಲ್ಲ, ಈಗಲೂ ಇಲ್ಲ.

ಎಪ್ಪತ್ತೊಂದರ ಫೆಬ್ರವರಿ ಏಳು, ಭಾನುವಾರ. ಸಂಜೆ ಏಳಕ್ಕೆ ನಮ್ಮ ಬೀದಿಯ ಔಷಧದಂಗಡಿಗೆ ಯಾರೋ ನುಗ್ಗಿ ಅಂಗಡಿಯ ಮುದುಕನ ತಲೆ ಒಡೆದರು. ಹೊಡೆದವನು ರೂಡಿಯೇ ಎಂದ ಮುದುಕ. ಆ ಹೊತ್ತಿಗೆ ರೂಡಿ ಇನ್ನೂರು ಮೈಲಿ ದೂರದ ಬಾಡಿಗೆ ಮನೆಯಲ್ಲಿ ಒಬ್ಬನೇ ಇದ್ದ. ಅಮ್ಮ ಮಾಡುತ್ತಿದ್ದಂಥ ಗಸಗಸೆ ರೊಟ್ಟಿ ಮಾಡಹೋಗಿ, ಹಿಟ್ಟು ಉಬ್ಬುತ್ತಿಲ್ಲವೆಂದು ಫೋನಿನಲ್ಲಿ ನನ್ನ ತಲೆ ತಿನ್ನುತ್ತಿದ್ದ.

ಏಪ್ರಿಲ್‌ನಲ್ಲಿ ಕೋರ್ಟಿನಲ್ಲಿ ಇದನ್ನೇ ಹೇಳಿದೆ. ಕಂಪನಿಯ ಪ್ರೂಟ್ ಎಂಬವನು ದಾಖಲೆ ತಂದ: ಆ ಸಂಜೆ ಅಲ್ಲಿಂದ ಯಾವ ಕರೆಯೂ ಇಲ್ಲ. ಪರ್ಸಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು ಎಲ್ಲ ಬಾಯಿಬಿಟ್ಟೆ. ಪ್ರೂಟ್ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಹಲ್ಲು ಕಿರಿದ.

"ತಮ್ಮನ ಮೇಲೆ ಪ್ರೀತಿ ಜಾಸ್ತಿ ಈಕೆಗೆ," ಅಂದ. "ಡಬ್ಬಿ ಇದ್ದ ಮಾತ್ರಕ್ಕೆ ಕರೆ ಬಂದಿತ್ತು ಅಂತಾಗಲ್ಲ."

ರೂಡಿಗೆ ಎಂಟು ವರ್ಷ ಬಿತ್ತು. ನನ್ನ ಮೇಲೆ ಕಂಪನಿ ಬೇರೆ ಕೇಸು ಹಾಕಿತು.

ಜೈಲಿನಲ್ಲಿ ಯಾರೋ ಅವನ ಮುಂದಿನ ಹಲ್ಲು ಉದುರಿಸಿದ್ದರು. ಗಾಜಿನ ಆಚೆ ಕೂತು, "ಅಕ್ಕಾ, ನಾಲ್ಕು ಕಾಸು ಉಳಿಸೋಕೆ ಹೋಗಿ ನನ್ನ ಬದುಕು ತೊಳೆದ್ಬಿಟ್ಯಲ್ಲ," ಅಂದ. ಮನೆಗೆ ಬಂದು ಫೋನನ್ನು ಗೋಡೆಯಿಂದ ಕಿತ್ತೆಸೆದೆ.

ಅಕ್ಟೋಬರಿನಲ್ಲಿ ನನ್ನ ವಿಚಾರಣೆ. ಪ್ರೂಟ್ ಹೊಸ ಟೈ ಕಟ್ಟಿಕೊಂಡು, ಟೇಪ್ ರೆಕಾರ್ಡರ್ ಹೊತ್ತು ಬಂದಿದ್ದ. ಜನವರಿಯಿಂದಲೇ ನನ್ನ ಲೈನಿಗೆ ಗುಟ್ಟಾಗಿ ಕಿವಿಗೊಟ್ಟು ಎಲ್ಲವನ್ನೂ ಟೇಪಿಗೆ ಇಳಿಸಿಕೊಂಡಿದ್ದರಂತೆ. ನಾನು ಕದ್ದ ಕರೆಗಳಲ್ಲೇ ಉದ್ದದ್ದನ್ನು ಆರಿಸಿ ತಂದಿದ್ದ.

"ಫೆಬ್ರವರಿ ಏಳು. ಬಫಲೋದಿಂದ. ಸಂಜೆ ಆರು ಐವತ್ತರಿಂದ ಏಳೂವರೆ ತನಕ," ಎಂದು ಹೆಮ್ಮೆಯಿಂದ ಓದಿ ಗುಂಡಿ ಒತ್ತಿದ.

"ಅಕ್ಕಾ, ನಗಬೇಡ. ಹಿಟ್ಟು ಕಲ್ಲಿನ ಥರ ಕೂತಿದೆ," ಎಂದ ರೂಡಿ ಟೇಪಿನೊಳಗಿಂದ.

ಏಪ್ರಿಲ್‌ನಲ್ಲೂ ಈ ಟೇಪು ಇವರ ಬೀರುವಿನಲ್ಲೇ ಇತ್ತು. ಗೊತ್ತಿದ್ದೂ ಬಾಯಿ ಮುಚ್ಚಿದ್ದನೋ, ತಾರೀಖೇ ಮರೆತಿದ್ದನೋ. ಮರೆತಿದ್ದ ಅಂತಲೇ ನನಗನಿಸುತ್ತದೆ, ಅದಕ್ಕೇ ಅವನನ್ನು ಇಂದಿಗೂ ಕ್ಷಮಿಸಿಲ್ಲ. ನನ್ನ ತಮ್ಮನ ಎಂಟು ವರ್ಷ ಅವನಿಗೆ ನೆನಪಿಡುವಷ್ಟು ದೊಡ್ಡದಾಗಿರಲಿಲ್ಲ.

ತಪ್ಪೊಪ್ಪಿಕೊಳ್ಳುತ್ತೀರಾ ಎಂದು ಜಡ್ಜು ಕೇಳಿದರು.

"ಒಪ್ಕೋತೀನಿ ಸ್ವಾಮಿ. ಆ ಕರೆ ಎತ್ತಿದ್ದು ನಾನೇ. ಇವನು ಓದಿದ ತಾರೀಖು, ಟೈಮು, ಊರು, ಮೂರನ್ನೂ ಬರೆಸ್ಕೊಳ್ಳಿ. ಆಮೇಲೆ ನನ್ನ ಒಳಗೆ ಹಾಕಿ."

ಪ್ರೂಟ್‌ನ ಮುಖದ ಬಣ್ಣ ಆಗ ಇಳಿಯಿತು. ಟೇಪು ನಿಲ್ಲಿಸಲು ಕೈ ಚಾಚಿದ.

"ಮುಟ್ಬೇಡ," ಅಂದೆ. "ನನ್ನ ತಮ್ಮ ಇನ್ನೂ ಮಾತಾಡ್ತಿದಾನೆ."